ಸದ್ದು ನುಂಗುವ ಗೋಡೆ, ಚೆಂಡು ತಾಳುವ ಗೋಡೆ

ಬಾಸ್ಕೆಟ್‌ಬಾಲ್ ಹುಟ್ಟಿದ ಜಾಗಕ್ಕೂ, ಕಟ್ಟಡದೊಳಗಿನ ಸದ್ದನ್ನು ಅಳೆದು ಅಡಗಿಸುವ ಶಾಸ್ತ್ರ ಹುಟ್ಟಿದ ಜಾಗಕ್ಕೂ ಎಷ್ಟು ದೂರ ಗೊತ್ತೇ? ನಮ್ಮ ಮುಂಬಯಿಯಿಂದ ಪುಣೆಗೆ ಹೋದಷ್ಟು. ಕಾಲದ ಅಂತರವಂತೂ ಬರೀ ನಾಲ್ಕು ವರ್ಷ. ಎರಡೂ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲೇ ಆದದ್ದು. ಆದರೂ ಇವೆರಡೂ ಸರಿಯಾಗಿ ಕೈಕುಲುಕಲು, ನನ್ನ ಲೆಕ್ಕದಲ್ಲಿ, ಮುಕ್ಕಾಲು ಶತಮಾನ ಹಿಡಿಯಿತು. ಆ ನಡುವೆ ಒಂದು ದೊಡ್ಡ ಅನಾಹುತವೂ ಆಗಿಹೋಯಿತು.

ಮೊದಲು ಬಾಸ್ಕೆಟ್‌ಬಾಲ್. 1891ರ ಡಿಸೆಂಬರ್. ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನ ವೈ.ಎಂ.ಸಿ.ಎ. ತರಬೇತಿ ಶಾಲೆ. ಹೊರಗೆ ಹಿಮ. ಒಳಗೆ ದಿನವೂ ಅದೇ ಕವಾಯತು ಮಾಡಿ ಬೇಸತ್ತ ಹುಡುಗರು. ಜೇಮ್ಸ್ ನೈಸ್ಮಿತ್ ಎಂಬ ಕೆನಡಾದ ಮೇಷ್ಟರಿಗೆ ಮೇಲಧಿಕಾರಿಯ ಅಪ್ಪಣೆಯಾಯಿತು: ಒಳಾಂಗಣದಲ್ಲಿ ಆಡುವಂಥ ಹೊಸ ಆಟವೊಂದನ್ನು ಹುಡುಕು, ಹದಿನಾಲ್ಕು ದಿನ ಟೈಮು. ಆತ ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಬಾಲ್ಕನಿಯ ಕಟಕಟೆಗೆ ಹೊಡೆಸಿ, ಹದಿನೆಂಟು ಹುಡುಗರನ್ನು ಒಂಬತ್ತೊಂಬತ್ತಾಗಿ ಹಂಚಿ ಆಟ ಶುರು ಮಾಡಿಸಿದ. ಆ ಕಟಕಟೆ ಹತ್ತು ಅಡಿ ಎತ್ತರದಲ್ಲಿತ್ತು. ಇವತ್ತಿಗೂ ಬುಟ್ಟಿಯ ಎತ್ತರ ಹತ್ತೇ ಅಡಿ!

ಇದರಿಂದ ಜಿಮ್ನೇಶಿಯಂ ಎಂಬ ಕಟ್ಟಡದ ಹಣೆಬರಹವೇ ಬದಲಾಯಿತು. ಜಿಮ್ನೇಶಿಯಂ ಅಂದರೆ ಮುಂಬಯಿಯ ಗಲ್ಲಿಗಲ್ಲಿಯಲ್ಲಿರುವ ಡಂಬೆಲ್ ಅಂಗಡಿ ಅಲ್ಲ, ಶಾಲೆ ಕಾಲೇಜುಗಳ ಒಳಾಂಗಣ ಆಟದ ಮನೆ. ಚೆಂಡು ಮೇಲೆ ಹಾರಬೇಕು, ಹಾಗಾಗಿ ಸೂರು ಎತ್ತರವಾಯಿತು. ಚೆಂಡು ಪುಟಿಯಬೇಕು, ನೆಲ ಗಟ್ಟಿ ಮರದ್ದಾಯಿತು. ಚೆಂಡು ಬಡಿದರೂ ಒಡೆಯಬಾರದು, ಗೋಡೆ ಬೋಳು ಇಟ್ಟಿಗೆಯದ್ದೋ ಕಾಂಕ್ರೀಟಿನದ್ದೋ ಆಯಿತು. ಪರದೆಯಿಲ್ಲ, ಜಮಖಾನೆಯಿಲ್ಲ, ಮೆತ್ತೆ ಹಾಕಿದ ಕುರ್ಚಿಯಿಲ್ಲ. ಸದ್ದಿಗೆ ಇದಕ್ಕಿಂತ ಒಳ್ಳೆಯ ಆಟದ ಮೈದಾನ ಬೇಕೇ? ಚೆಂಡಿಗಿಂತ ಜಾಸ್ತಿ ಸದ್ದೇ ಪುಟಿಯತೊಡಗಿತು.

ನಮ್ಮ ಗರಡಿ ಮನೆಗಳಲ್ಲಿ ಈ ತೊಂದರೆ ಇರಲಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಮೈಸೂರಿನ ಹಳೆಯ ಗರಡಿಗಳನ್ನು ನೋಡಿದವರಿಗೆ ಗೊತ್ತು: ಚಿಕ್ಕ ಕೋಣೆ, ತಗ್ಗು ಬಾಗಿಲು, ನಡುವೆ ಸಡಿಲ ಕೆಮ್ಮಣ್ಣಿನ ಮಟ್ಟಿ. ಕುಸ್ತಿಪಟುವಿನ ಮೈ ಉಳಿಯಲಿ ಅಂತ ಹದ ಮಾಡಿದ ಮಣ್ಣು ಸದ್ದನ್ನೂ ನುಂಗುತ್ತಿತ್ತು. ತೊಡೆ ತಟ್ಟಿದರೆ ಒಂದೇ ಸದ್ದು, ಅಲ್ಲಿಗೆ ಮುಗಿಯಿತು.

ಇರಲಿ. ಬ್ಯಾಂಕಿನಲ್ಲಿ ಡೆಬಿಟ್ ಕ್ರೆಡಿಟ್ ನೋಡಿಕೊಂಡಿರುವ ಬಿ.ಕಾಂ. ಮನುಷ್ಯನಿಗೆ ಈ ಉಸಾಬರಿ ಯಾಕೆ ಅಂತ ಕೇಳಬಹುದು. ನಾನು ಈ ಊರಿಗೆ ಬಂದು ಮೂವತ್ತು ವರ್ಷ ದಾಟಿತು. ಇಲ್ಲಿನ ನಮ್ಮಂಥ ಸಣ್ಣ ಸಂಘಗಳಿಗೆ ಸ್ವಂತ ಸಭಾಂಗಣ ಎಲ್ಲಿಂದ ಬರಬೇಕು? ರಾಜ್ಯೋತ್ಸವಕ್ಕೋ ಯಕ್ಷಗಾನಕ್ಕೋ ಯಾವುದಾದರೂ ಶಾಲೆಯ ಬ್ಯಾಡ್ಮಿಂಟನ್ ಹಾಲೇ ಗತಿ. ಪ್ಲಾಸ್ಟಿಕ್ ಕುರ್ಚಿ ಹಾಕಿ, ಬುಟ್ಟಿಯ ಕೆಳಗೆ ವೇದಿಕೆ ಕಟ್ಟಿದರೆ ಮುಗಿಯಿತು. ಊರಿನಿಂದ ಬಂದ ಭಾಗವತರು ಕಂಠ ಬಿಚ್ಚಿ ಹಾಡುತ್ತಾರೆ, ಚಂಡೆ ಒಂದು ಪೆಟ್ಟು ಬಿದ್ದರೆ ಐದು ಕೇಳುತ್ತದೆ, ಅರ್ಥಗಾರಿಕೆ ಪೂರ್ತಿ ರಾಗಿ ಮುದ್ದೆ. ಹಿಂದಿನ ಸಾಲಿನ ಅಜ್ಜಿಯರು ಕೇಳಿಸಲಿಲ್ಲ ಅನ್ನುತ್ತಾರೆ. ಮೈಕಿನವನು ಇನ್ನೆರಡು ಸ್ಪೀಕರ್ ಬೇಕು ಅನ್ನುತ್ತಾನೆ. ಖಜಾಂಚಿಯಾಗಿ ಬಿಲ್ಲು ಪಾಸು ಮಾಡುವವನು ನಾನು. ಸ್ಪೀಕರ್ ಹೆಚ್ಚಿದಷ್ಟೂ ಮಾತು ಕೆಡುವುದನ್ನು ಕಂಡು, ಇದೇನು ವಿಚಿತ್ರ ಅಂತ ಓದಲು ಕೂತೆ.

ಇಲ್ಲಿ ಒಂದು ವ್ಯತ್ಯಾಸ ಗಮನಿಸಿ. ವಿಜಾಪುರದ ಗೋಲಗುಮ್ಮಟದಲ್ಲಿ ನಾವು ಕೇಳುವುದು ಪ್ರತಿಧ್ವನಿ. ಕೂಗಿದ ಕೂಗು ಬಿಡಿಬಿಡಿಯಾಗಿ, ಎಣಿಸುವ ಹಾಗೆ ಮರಳಿ ಬರುತ್ತದೆ. ಆಟದ ಮನೆಯಲ್ಲಿ ಆಗುವುದು ಅನುರಣನ. ನೂರಾರು ಮಾರ್ದನಿಗಳು ಒಂದರ ಮೇಲೊಂದು ಬಿದ್ದು, ಬಿಡಿಸಲಾಗದಂತೆ ಕಲಸಿ, ಮಾತಿನ ಬಾಲವಾಗಿ ನಿಲ್ಲುತ್ತವೆ. ಗಂಟೆ ಹೊಡೆದ ಮೇಲೆ ಗುಂಯ್ ಅನ್ನುತ್ತದಲ್ಲ, ಕೋಣೆಯೇ ಹಾಗೆ ಗುಂಯ್‌ಗುಟ್ಟುತ್ತದೆ. ಮಾತಿನಲ್ಲಿ ಸ್ವರಗಳು ಜೋರು, ಉದ್ದ. ವ್ಯಂಜನಗಳು ಮೆಲ್ಲಗೆ, ಚುಟುಕು. ಹಿಂದಿನ ಸ್ವರದ ಬಾಲ ಮುಂದಿನ ವ್ಯಂಜನವನ್ನು ಮುಚ್ಚಿಬಿಡುತ್ತದೆ. ಕನ್ನಡಕ್ಕೆ ಇದರಲ್ಲಿ ಇನ್ನೊಂದು ಪೆಟ್ಟಿದೆ. ಅಕ್ಕ, ಹತ್ತು, ಅಪ್ಪ ಅಂದು ನೋಡಿ. ಒತ್ತಕ್ಷರದ ನಡುವೆ ಉಸಿರು ಕಟ್ಟಿದ ಒಂದು ಸಣ್ಣ ಮೌನವಿದೆ. ಆ ಮೌನವೇ ಒತ್ತಕ್ಷರದ ಜೀವ. ಗುಂಯ್‌ಗುಡುವ ಕೋಣೆ ಮೊದಲು ತುಂಬುವುದು ಅದನ್ನೇ. ಸ್ಪೀಕರ್ ಜೋರು ಮಾಡಿದರೆ ಮಾತಿನ ಜೊತೆ ಬಾಲವೂ ಅಷ್ಟೇ ಜೋರಾಗುತ್ತದೆ, ಲಾಭ ಸೊನ್ನೆ.

ಈ ಬಾಲವನ್ನು ಮೊದಲ ಬಾರಿ ಅಳೆದವನು ವ್ಯಾಲೇಸ್ ಕ್ಲೆಮೆಂಟ್ ಸೇಬಿನ್. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಫಾಗ್ ಕಲಾ ಸಂಗ್ರಹಾಲಯ ತೆರೆಯಿತು. ಕಟ್ಟಿದವನು ರಿಚರ್ಡ್ ಮಾರಿಸ್ ಹಂಟ್, ಆ ಕಾಲದ ದೊಡ್ಡ ವಾಸ್ತುಶಿಲ್ಪಿ. ಅದರ ಉಪನ್ಯಾಸದ ಕೋಣೆಯಲ್ಲಿ ಮೇಷ್ಟರು ಏನು ಹೇಳಿದರೂ ಅರ್ಥವಾಗುತ್ತಿರಲಿಲ್ಲ. ಆಡಿದ ಶಬ್ದ ಐದೂವರೆ ಸೆಕೆಂಡು ಕೋಣೆಯಲ್ಲೇ ಸುತ್ತುತ್ತಿತ್ತು. ಅಷ್ಟರಲ್ಲಿ ಇನ್ನೊಂದು ವಾಕ್ಯ ಆಗಿಹೋಗಿರುತ್ತದೆ! ಅಧ್ಯಕ್ಷ ಎಲಿಯಟ್ ಸಾಹೇಬರು ಇದನ್ನು ಸರಿಪಡಿಸಲು ಹೇಳಿದ್ದು ಭೌತಶಾಸ್ತ್ರ ವಿಭಾಗದ ಇಪ್ಪತ್ತೇಳರ ಹುಡುಗ ಸೇಬಿನ್‌ಗೆ. ಆತನಿಗೆ ಪಿಎಚ್‌ಡಿ ಇರಲಿಲ್ಲ. ಶಬ್ದಶಾಸ್ತ್ರದ ಅನುಭವವೂ ಇರಲಿಲ್ಲ.

ಹಗಲು ರಸ್ತೆಯ ಗಲಾಟೆ, ಹಾಗಾಗಿ ಕೆಲಸವೆಲ್ಲ ನಡುರಾತ್ರಿಯಿಂದ ಬೆಳಗಿನ ಜಾವದವರೆಗೆ. ಸಲಕರಣೆ ಏನು? ಒಂದು ಆರ್ಗನ್ ಕೊಳವೆ, ಕಾಲ ಗುರುತಿಸುವ ಯಂತ್ರ, ಮತ್ತೆ ಕಿವಿ. ಕೊಳವೆ ಊದಿ ನಿಲ್ಲಿಸುವುದು, ಸದ್ದು ಪೂರ್ತಿ ಅಡಗುವ ಕ್ಷಣವನ್ನು ಗುರುತು ಹಾಕುವುದು. ಕೂಗಳತೆಯ ದೂರದಲ್ಲೇ ಸ್ಯಾಂಡರ್ಸ್ ಥಿಯೇಟರ್ ಇತ್ತು. ಅಲ್ಲಿನ ಕುರ್ಚಿಯ ಮೆತ್ತೆಗಳನ್ನು ಹೊತ್ತು ತಂದು ಈ ಕೋಣೆಯಲ್ಲಿ ಹಾಸತೊಡಗಿದರು. ಕೋಣೆಯ 436 ಆಸನಗಳಿಗೂ ಮೆತ್ತೆ ಹಾಕಿದಾಗ 5.62 ಸೆಕೆಂಡಿನ ಬಾಲ 2.03ಕ್ಕೆ ಇಳಿಯಿತು. ಇನ್ನೂ ಮೆತ್ತೆ ಉಳಿದಿತ್ತು. ಓಡಾಡುವ ದಾರಿ, ವೇದಿಕೆ, ಕೊನೆಗೆ ಅಟ್ಟಣೆ ಕಟ್ಟಿ ಹಿಂದಿನ ಗೋಡೆಗೂ ಸೂರಿನ ತನಕ ಹೊದಿಸಿದರು. ಸುಮಾರು ಸಾವಿರದೈನೂರು ಜನ ಕೂರುವ ಥಿಯೇಟರಿನ ಮೆತ್ತೆಗಳೆಲ್ಲ ಒಳಬಂದಾಗ 1.14 ಸೆಕೆಂಡು.

ಆತನ ಶಿಸ್ತನ್ನು ನೋಡಿ. ತಾನು ಹಾಕಿಕೊಂಡ ಬಟ್ಟೆಯೂ ಚೂರು ಸದ್ದು ನುಂಗುತ್ತದೆ ಅಂತ ತಿಳಿದಾಗ, ಬೇರೆ ಬೇರೆ ಬಟ್ಟೆಯಲ್ಲಿ ತೆಗೆದ ಮೂರು ಸಾವಿರಕ್ಕೂ ಹೆಚ್ಚು ಅಳತೆಗಳನ್ನು ಎಸೆದುಬಿಟ್ಟ. ಆಮೇಲೆ ಪ್ರಯೋಗಕ್ಕೆ ಯಾವಾಗಲೂ ಅದೇ ಕೋಟು, ಅದೇ ಪ್ಯಾಂಟು. ನಮ್ಮ ಆಡಿಟರುಗಳೂ ಇಷ್ಟು ಕಟ್ಟುನಿಟ್ಟಾಗಿರುವುದನ್ನು ನಾನು ಕಂಡಿಲ್ಲ.

1898ರ ಅಕ್ಟೋಬರಿನಲ್ಲಿ ಗುಟ್ಟು ಒಡೆಯಿತು. ಮೆತ್ತೆಯ ಪ್ರಮಾಣ ಒಂದು ಕಡೆ, ಕಾಲ ಇನ್ನೊಂದು ಕಡೆ ಹಾಕಿ ಗೆರೆ ಎಳೆದರೆ ಬರುವುದು ಹೈಪರ್ಬೊಲಾ. ಬಿ.ಕಾಂ.ನಲ್ಲಿ ಸರಾಸರಿ ಸ್ಥಿರ ವೆಚ್ಚದ ಗೆರೆ ಬರೆದವರಿಗೆ ಇದು ಹಳೆಯ ಪರಿಚಯ. ಒಂದು ಹೆಚ್ಚಿದಂತೆ ಇನ್ನೊಂದು ಇಳಿಯುತ್ತದೆ, ಗುಣಲಬ್ಧ ಮಾತ್ರ ಅಷ್ಟೇ ಇರುತ್ತದೆ. ಸೇಬಿನ್‌ಗೆ ಇದು ಮೂರು ವರ್ಷ ಹೊಳೆಯದೆ ಇದ್ದದ್ದು ಯಾಕೆ? ಮೆತ್ತೆ ಒಂದೂ ಇಲ್ಲದಾಗಲೂ ಗೋಡೆ, ಸೂರು, ನೆಲ ಚೂರುಪಾರು ಸದ್ದು ನುಂಗುತ್ತಿದ್ದವು. ಅದನ್ನೂ ಕೂಡಿಸಿಕೊಳ್ಳಬೇಕಿತ್ತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಓಪನಿಂಗ್ ಬ್ಯಾಲೆನ್ಸ್ ಬಿಟ್ಟುಹೋಗಿತ್ತು!

ಆಮೇಲೆ ಆತ ಮೆತ್ತೆಯ ಬದಲು ತೆರೆದ ಕಿಟಕಿಯನ್ನು ಮಾನದಂಡ ಮಾಡಿದ. ಕಿಟಕಿಯಿಂದ ಹೊರಗೆ ಹೋದ ಸದ್ದು ವಾಪಸ್ ಬರುವುದಿಲ್ಲ, ನೂರಕ್ಕೆ ನೂರು ಎನ್‌ಪಿಎ. ಬರಿಯ ಇಟ್ಟಿಗೆ ಗೋಡೆ ನೂರರಲ್ಲಿ ಎರಡು ಮೂರು ಪಾಲು ನುಂಗಿ ಉಳಿದದ್ದನ್ನು ಪ್ರಾಮಾಣಿಕವಾಗಿ ಹಿಂತಿರುಗಿಸುತ್ತದೆ. ಸಾಲ ವಸೂಲಿಗೆ ಇಂಥವರು ಬೇಕು, ಸದ್ದಿಗೆ ಇಂಥವರು ಬೇಡ. ಇವತ್ತಿಗೂ ಸೂತ್ರ ಅದೇ: ಕೋಣೆಯ ಘನ ಅಳತೆಯನ್ನು 0.161ರಿಂದ ಗುಣಿಸಿ, ಒಟ್ಟು ನುಂಗುವ ಶಕ್ತಿಯಿಂದ ಭಾಗಿಸಿ. ಬರುವ ಸೆಕೆಂಡುಗಳಲ್ಲಿ ಸದ್ದು ಹತ್ತು ಲಕ್ಷದಲ್ಲಿ ಒಂದು ಪಾಲಿಗೆ ಇಳಿದಿರುತ್ತದೆ. ಪೂರ್ತಿ ಸೊನ್ನೆ ಆಗುವುದಿಲ್ಲ, ಡೆಪ್ರಿಸಿಯೇಶನ್ನಿನ ರಿಟನ್ ಡೌನ್ ವ್ಯಾಲ್ಯೂ ಪದ್ಧತಿಯ ಹಾಗೆ.

ಇದೇ ಸೂತ್ರ ಹಿಡಿದು ಕಟ್ಟಿದ ಬಾಸ್ಟನ್ ಸಿಂಫನಿ ಹಾಲ್ 1900ರ ಅಕ್ಟೋಬರಿನಲ್ಲಿ ತೆರೆಯಿತು, ಇಂದಿಗೂ ಜಗತ್ತಿನ ಅತ್ಯುತ್ತಮ ಸಂಗೀತ ಸಭಾಂಗಣಗಳಲ್ಲಿ ಒಂದು ಅನ್ನಿಸಿಕೊಂಡಿದೆ. ಸೇಬಿನ್ 1919ರಲ್ಲಿ ಐವತ್ತನೇ ವಯಸ್ಸಿಗೇ ತೀರಿಕೊಂಡ. ಶಾಸ್ತ್ರ ಹೋದದ್ದು ಸಂಗೀತದ ಮನೆಗೆ, ಇಗರ್ಜಿಗೆ, ಆಮೇಲೆ ಆಫೀಸಿಗೆ. ಆಟದ ಮನೆಗೆ ಕೊನೆಯ ಸರದಿ. ಅಲ್ಲಿ ಸದ್ದು ಇರುವುದೇ ಸಹಜ ಅಂತ ಎಲ್ಲರೂ ಅಂದುಕೊಂಡಿದ್ದರು. ದಿನಕ್ಕೆ ಆರು ಗಂಟೆ ಅದರೊಳಗೇ ನಿಂತು ಕೂಗುವ ಪಿ.ಟಿ. ಮೇಷ್ಟರ ಗಂಟಲನ್ನು ಕೇಳಿದವರಾರು? 1911ರಷ್ಟು ಹಿಂದೆಯೇ ಲೊಂಬಾರ್ ಎಂಬ ಫ್ರೆಂಚ್ ವೈದ್ಯರು ಒಂದು ಮಾತು ಹೇಳಿದ್ದರು: ಸುತ್ತ ಗದ್ದಲ ಇದ್ದರೆ ಮನುಷ್ಯ ತನಗೇ ತಿಳಿಯದೆ ದನಿ ಏರಿಸುತ್ತಾನೆ. ಮೂವತ್ತು ಮಕ್ಕಳು ಹೀಗೆ ಒಬ್ಬರ ಮೇಲೊಬ್ಬರು ಏರಿಸುತ್ತ ಹೋದರೆ ಏನಾಗುತ್ತದೆ, ಯಾವ ಶಾಲೆಯ ಮೇಷ್ಟರನ್ನಾದರೂ ಕೇಳಿ ನೋಡಿ.

ನಿಜವಾದ ತೊಡಕು ಬೇರೆಯೇ ಇತ್ತು. ಸದ್ದು ನುಂಗುವ ವಸ್ತುಗಳೆಲ್ಲ ಮೆತ್ತಗಿನವು, ತೂತುತೂತಾದವು. ಸದ್ದಿನ ಗಾಳಿ ಆ ತೂತುಗಳಲ್ಲಿ ನುಗ್ಗಿ ಉಜ್ಜಿ ಉಜ್ಜಿ ಬಿಸಿಯಾಗಿ ಸತ್ತುಹೋಗುತ್ತದೆ. ಆದರೆ ಮೆತ್ತಗಿನದು ಚೆಂಡಿನ ಏಟು ತಾಳುವುದಿಲ್ಲ. ಮೊದಲು ಬಂದದ್ದು ಕೂದಲಿನ ಫೆಲ್ಟ್. ಫಾಗ್ ಕೋಣೆಯನ್ನು ಸೇಬಿನ್ ಒಂದು ಮಟ್ಟಕ್ಕೆ ಬಳಸುವ ಹಾಗೆ ಮಾಡಿದ್ದೂ ಅದರಿಂದಲೇ. 1920ರ ದಶಕದಲ್ಲಿ ಸೆಲೊಟೆಕ್ಸ್ ಹಲಗೆ ಬಂತು. ಯಾವುದರಿಂದ ಮಾಡುತ್ತಿದ್ದರು ಅಂದುಕೊಂಡಿರಿ? ಕಬ್ಬಿನ ಸಿಪ್ಪೆಯಿಂದ! ಮಂಡ್ಯದ ಕಡೆಯವರು ಒಲೆಗೆ ಹಾಕುವುದನ್ನು ಲೂಸಿಯಾನದವರು ಸೂರಿಗೆ ಅಂಟಿಸಿದರು. ಶಾಲೆಗಳವರು ವರ್ಷ ಎರಡು ವರ್ಷಕ್ಕೊಮ್ಮೆ ಬಣ್ಣ ಬಳಿಯುತ್ತಾರಲ್ಲ, ಬಣ್ಣ ಬಳಿದರೆ ತೂತು ಮುಚ್ಚಿ ಗುಣ ಹೋಗುತ್ತದೆ. ಅದಕ್ಕೆ ಆ ಹಲಗೆಯಲ್ಲಿ ದೊಡ್ಡ ತೂತುಗಳನ್ನು ಕೊರೆದರು. ಮೇಲೆ ಬಣ್ಣ ಹೊಡೆದರೂ ಸದ್ದು ತೂತಿನಿಂದ ಒಳಹೋಗಲಿ ಅಂತ. ಜಾಣತನವೇ. ಆದರೂ ವಾಲಿಬಾಲ್ ಬಡಿದರೆ ಹಲಗೆ ಬಿರುಕು ಬಿಡುತ್ತಿತ್ತು.

ಆಮೇಲೆ ಬಂದದ್ದೇ ಕಲ್ನಾರು, ಅಂದರೆ ಆಸ್ಬೆಸ್ಟಾಸ್. 1930ರ ದಶಕದಿಂದ ಇದನ್ನು ಅಂಟಿನೊಡನೆ ಕಲಸಿ ಸೂರಿಗೆ ಸಿಂಪಡಿಸುವ ವಿಧಾನ ಹಬ್ಬಿತು. ಬೆಂಕಿ ಹತ್ತುವುದಿಲ್ಲ, ಅಗ್ಗ, ಎಂಥ ವಕ್ರ ಸೂರಿಗೂ ಅಂಟುತ್ತದೆ, ಸದ್ದನ್ನೂ ಚೆನ್ನಾಗಿ ನುಂಗುತ್ತದೆ. ಯುದ್ಧದ ನಂತರ ಅಮೆರಿಕದಲ್ಲಿ ಶಾಲೆಗಳು ಅಣಬೆಯಂತೆ ಎದ್ದವು, ಎಷ್ಟೋ ಶಾಲೆಗಳಲ್ಲಿ ಇದೇ ಸಿಂಪಡಣೆ. ಆಟದ ಮನೆಯ ಸೂರಿಗಂತೂ ಹೇಳಿ ಮಾಡಿಸಿದಂತಿತ್ತು. ಅಲ್ಲಿ ಚೆಂಡು ಸೂರಿಗೂ ಬಡಿಯುತ್ತದೆ ಎಂಬುದನ್ನು ಯೋಚಿಸಿದವರು ಕಡಿಮೆ. ಬಡಿದಾಗಲೆಲ್ಲ ಒಂದು ಚೂರು ಪುಡಿ. ಪುಡಿಯೊಳಗೆ ಕಣ್ಣಿಗೆ ಕಾಣದ ನಾರು. ಓಡಿ ಏದುಸಿರು ಬಿಡುವ ಮಕ್ಕಳು ಕೆಳಗೆ.

1964ರಲ್ಲಿ ನ್ಯೂಯಾರ್ಕಿನ ವೈದ್ಯ ಇರ್ವಿಂಗ್ ಸೆಲಿಕಾಫ್ ಮತ್ತು ಸಂಗಡಿಗರು ಕಲ್ನಾರಿನ ಕೆಲಸಗಾರರ ಶ್ವಾಸಕೋಶದ ಗತಿಯನ್ನು ಅಂಕಿಅಂಶಗಳೊಡನೆ ಮುಂದಿಟ್ಟರು. ರೋಗ ಕಾಣಿಸಿಕೊಳ್ಳಲು ಇಪ್ಪತ್ತು, ಮೂವತ್ತು, ನಲವತ್ತು ವರ್ಷವೂ ಬೇಕು. ಅಂದರೆ ಹತ್ತನೇ ವಯಸ್ಸಿನಲ್ಲಿ ಆಡಿದ ಆಟದ ಬಿಲ್ಲು ಐವತ್ತನೇ ವಯಸ್ಸಿನಲ್ಲಿ ಬರಬಹುದು. ಬೆಂಕಿತಡೆಗೂ ನಿರೋಧಕ್ಕೂ ಕಲ್ನಾರು ಸಿಂಪಡಿಸುವುದನ್ನು ಅಮೆರಿಕ 1973ರಲ್ಲಿ ನಿಷೇಧಿಸಿತು, ಅಲಂಕಾರದ ಸಿಂಪಡಣೆಯನ್ನು 1978ರಲ್ಲಿ. 1986ರಲ್ಲಿ ಬಂದ ಕಾನೂನು ಅಲ್ಲಿನ ಶಾಲೆಗಳೆಲ್ಲ ಕಲ್ನಾರನ್ನು ಹುಡುಕಿ ಲೆಕ್ಕ ಇಡಬೇಕೆಂದಿತು. ಹಚ್ಚುವಾಗ ಅಗ್ಗವಾಗಿದ್ದುದನ್ನು ಕೆರೆಯುವಾಗ ಕೋಣೆಗೆ ಪ್ಲಾಸ್ಟಿಕ್ ಸುತ್ತಿ, ಕೆಲಸಗಾರರಿಗೆ ಮುಖವಾಡ ತೊಡಿಸಿ ಕೆರೆಯಬೇಕಾಯಿತು. ನಮ್ಮಲ್ಲಿನ ಸಿಮೆಂಟ್ ಶೀಟಿನ ಸೂರು ಇದೇ ಅಲ್ಲ, ಅದರಲ್ಲಿ ನಾರು ಸಿಮೆಂಟಿನಲ್ಲಿ ಹೂತಿರುತ್ತದೆ. ಆದರೆ ಕೊರೆದಾಗ, ಕತ್ತರಿಸಿದಾಗ, ಒಡೆದಾಗ ಅದೂ ಪುಡಿಯೇ. ಅಂದ ಹಾಗೆ, ಸೇಬಿನ್ ಹೆಣಗಿದ ಆ ಫಾಗ್ ಕಟ್ಟಡವನ್ನು ಕೆಡವಿದ್ದೂ 1973ರಲ್ಲೇ.

ಇಷ್ಟಾದ ಮೇಲೆ ಉತ್ತರ ಸಿಕ್ಕಿದ್ದು ತೀರಾ ಸರಳವಾದದ್ದು. ಮೆತ್ತಗಿನದನ್ನು ಹಿಂದೆ ಅಡಗಿಸಿ, ಗಟ್ಟಿಯದನ್ನು ತೂತು ಮಾಡಿ ಮುಂದಿಡು. ತೂತು ಬಿದ್ದ ಉಕ್ಕಿನ ತಗಡು, ಅದರ ಹಿಂದೆ ಗಾಜಿನ ಉಣ್ಣೆ. ಚೆಂಡು ತಗಡಿಗೆ ಬಡಿಯುತ್ತದೆ, ಸದ್ದು ತಗಡನ್ನು ದಾಟಿ ಉಣ್ಣೆಗೆ ಹೋಗುತ್ತದೆ. ಸೂರಿನ ತಗಡನ್ನೇ ಹೀಗೆ ಮಾಡಿದರೆ ಬೇರೆ ಸೂರು ಬೇಕಿಲ್ಲ. ಇನ್ನೊಂದು, ಆಸ್ಟ್ರಿಯಾದ ಕಡೆಯಿಂದ ಬಂದ ಮರದ ಉಣ್ಣೆಯ ಹಲಗೆ: ಶಾವಿಗೆಯಂತೆ ಹೆರೆದ ಮರವನ್ನು ಸಿಮೆಂಟಿನಂಥ ಅಂಟಿನಲ್ಲಿ ಕಲಸಿ ಒತ್ತಿದ್ದು. ಒರಟು, ಗಟ್ಟಿ, ಆದರೂ ತೂತುತೂತು. ಮತ್ತೊಂದು, ಸೀಳು ಬಿಟ್ಟ ಟೊಳ್ಳು ಕಾಂಕ್ರೀಟ್ ಇಟ್ಟಿಗೆ. ಬಾಟಲಿಯ ಬಾಯಿಗೆ ಊದಿದರೆ ಹೂಂ ಅನ್ನುತ್ತದಲ್ಲ, ಅದೇ ತತ್ವದಲ್ಲಿ ಅದು ದಪ್ಪ ದನಿಯನ್ನು ಹಿಡಿದು ಸಾಯಿಸುತ್ತದೆ. ಜರ್ಮನರಂತೂ ಗೋಡೆ ಸೂರುಗಳ ಹಲಗೆಗೆ ಯಂತ್ರದಿಂದ ಚೆಂಡು ಹೊಡೆಸಿ ಪರೀಕ್ಷಿಸುವ ಮಾನಕವನ್ನೇ ಮಾಡಿಟ್ಟಿದ್ದಾರೆ. ಬ್ರಿಟನ್ 2003ರಲ್ಲಿ ಶಾಲೆಯ ಆಟದ ಮನೆಗೆ ಒಂದೂವರೆ ಸೆಕೆಂಡಿನ ಮಿತಿ ಹಾಕಿತು. ನಮ್ಮಲ್ಲಿ 1963ರ ಹಳೆಯ ಮಾನಕವೊಂದಿದೆ, ಐ.ಎಸ್. 2526. ಅದರ ಹೆಸರಿನಲ್ಲಿರುವುದು ಆಡಿಟೋರಿಯಂ ಮತ್ತು ಕಾನ್ಫರೆನ್ಸ್ ಹಾಲ್.

ಈಗ ನನ್ನ ಲೆಕ್ಕ. 30 ಮೀಟರ್ ಉದ್ದ, 18 ಅಗಲ, 8 ಎತ್ತರದ ಹಾಲ್ ಅಂದುಕೊಳ್ಳಿ. ಘನ ಅಳತೆ 4320. ಗೋಡೆ, ನೆಲ, ಸೂರು ಕೂಡಿ 1848 ಚದರ ಮೀಟರ್. ಎಲ್ಲವೂ ಗಟ್ಟಿ, ಸರಾಸರಿ ನೂರಕ್ಕೆ ಐದು ಪಾಲು ನುಂಗುತ್ತದೆ ಅಂದರೆ ಬಾಲ ಏಳೂವರೆ ಸೆಕೆಂಡು. ಫಾಗ್ ಕೋಣೆಗಿಂತ ಕೆಟ್ಟದ್ದು! ಸೂರಿಗೆ ಮಾತ್ರ ನೂರಕ್ಕೆ ಎಪ್ಪತ್ತು ಪಾಲು ನುಂಗುವ ಹಲಗೆ ಹಾಕಿದರೆ 1.6ಕ್ಕೂ ತುಸು ಕೆಳಗೆ. ಗದ್ದಲದ ಮಟ್ಟವೂ ಏಳು ಡೆಸಿಬಲ್‌ನಷ್ಟು ಇಳಿಯುತ್ತದೆ.

ಈ ಲೆಕ್ಕ ನೋಡಿ ಎಷ್ಟೋ ಕಡೆ ಸೂರಿಗೆ ಹಲಗೆ ಹಾಕಿ ದುಡ್ಡು ಕಳೆದುಕೊಂಡಿದ್ದಾರೆ. ಯಾಕೆಂದರೆ ಸೇಬಿನ್ ಸೂತ್ರ ಸದ್ದು ಕೋಣೆಯ ಮೂಲೆಮೂಲೆಗೂ ಸಮನಾಗಿ ಹರಡಿದೆ ಎಂದು ನಂಬಿಕೊಂಡಿರುತ್ತದೆ. ಆಟದ ಮನೆ ಖಾಲಿ ಡಬ್ಬ. ಎದುರುಬದುರು ಬೋಳು ಗೋಡೆಗಳ ನಡುವೆ ಸದ್ದು ಶಟಲ್‌ನಂತೆ ಅಡ್ಡಡ್ಡ ಓಡಾಡುತ್ತದೆ, ಸೂರಿನ ಕಡೆಗೆ ತಲೆಯೇ ಎತ್ತುವುದಿಲ್ಲ. ನಿಜವಾದ ಬಾಲ ಲೆಕ್ಕಕ್ಕಿಂತ ಎಷ್ಟೋ ಉದ್ದ ಉಳಿಯುತ್ತದೆ. ಒಟ್ಟು ಮೊತ್ತ ಸರಿಯಿದ್ದರೆ ಸಾಲದು, ಯಾವ ಖಾತೆಗೆ ಜಮಾ ಆಗಿದೆ ಅನ್ನುವುದೂ ಮುಖ್ಯ. ಹಾಗಾಗಿ ಸೂರಿನ ಜೊತೆಗೆ ಒಂದು ಉದ್ದ ಗೋಡೆಗೂ ಒಂದು ಅಡ್ಡ ಗೋಡೆಗೂ ಹಲಗೆ ಬೇಕು, ಅದೂ ಆಳೆತ್ತರದಲ್ಲೇ ಶುರುವಾಗಬೇಕು. ಮಳೆಗಾಲದಲ್ಲಿ ತಗಡಿನ ಸೂರಿನ ಮೇಲಿನ ಸದ್ದು ಬೇರೆಯೇ ವಿಷಯ, ಅದಕ್ಕೆ ಬೇಕಾದದ್ದು ತೂಕ, ಮೆತ್ತೆಯಲ್ಲ.

ನಿಮ್ಮ ಸಂಘವೂ ಇಂಥ ಹಾಲನ್ನೇ ಬಾಡಿಗೆಗೆ ಹಿಡಿಯುವುದಾದರೆ, ಮುಂಗಡ ಕೊಡುವ ಮುಂಚೆ ನಡುವಿನಲ್ಲಿ ನಿಂತು ಒಂದೇ ಒಂದು ಚಪ್ಪಾಳೆ ತಟ್ಟಿ. ಚಪ್ಪಾಳೆಯ ಹಿಂದೆಯೇ ಜಿಪ್ ಎಳೆದ ಹಾಗೆ ಟರ್ರ್ ಅನ್ನುವ ಸದ್ದು ಬಂದರೆ ಗೋಡೆಗಳು ಶಟಲ್ ಆಡುತ್ತಿವೆ ಅಂತ. ಆಗ ಇನ್ನೆರಡು ಸ್ಪೀಕರಿನ ಬದಲು ಎರಡು ಗೋಡೆಗಳಿಗೆ ದಪ್ಪ ಪರದೆಯನ್ನು ಬಾಡಿಗೆಗೆ ತನ್ನಿ, ನೆರಿಗೆ ಬಿಟ್ಟು, ಗೋಡೆಯಿಂದ ಒಂದು ಗೇಣು ಈಚೆಗೆ ತೂಗುಹಾಕಿ. ಶಾಮಿಯಾನದವರಲ್ಲಿ ಸಿಗುತ್ತದೆ. ನಮ್ಮ ಕಮಿಟಿಯ ಮುಂದೆ ನಾನು ಇಟ್ಟಿರುವ ಟಿಪ್ಪಣಿಯೂ ಇಷ್ಟೇ, ಮುಂದಿನ ತಿಂಗಳ ಸಭೆಯಲ್ಲಿ ಚರ್ಚೆಗೆ ಬರಲಿದೆ.